ಗಾಜಿಗೆ ಹತ್ತಿದ ಮಸಿ

ಸೀಮೆಎಣ್ಣೆಯ ಕಾಲದಲ್ಲಿ ಹಳ್ಳಿಮನೆಗಳಲ್ಲಿ ಸಂಜೆಯ ಒಂದು ಕೆಲಸ ತಪ್ಪುತ್ತಿರಲಿಲ್ಲ. ಲಾಟೀನಿನ ಗಾಜನ್ನು ಹುಷಾರಾಗಿ ಕಳಚಿ, ಒಲೆಯ ಬೂದಿಯನ್ನು ಹಳೇ ಬಟ್ಟೆಗೆ ಹಚ್ಚಿಕೊಂಡು, ಒಳಮೈಗೆ ಕಟ್ಟಿದ ಮಸಿಯನ್ನು ಉಜ್ಜಿ ತೆಗೆಯಬೇಕಿತ್ತು. ನಾಗಮಂಗಲದ ಬೆದ್ದಲು ಸೀಮೆಯಲ್ಲಾಗಲಿ, ಪಾಂಡವಪುರದ ನಾಲೆ ಬಯಲಲ್ಲಾಗಲಿ ಮಸಿ ಎಂದರೆ ಬೆಳಕಿಗೆ ಅಡ್ಡ ಬಂದದ್ದು, ಒರೆಸಿ ಹಾಕಬೇಕಾದದ್ದು. ವಿದ್ಯುತ್ ಬಲ್ಬು ಬಂದಾಗ ಜನ ಮೊದಲು ಮೆಚ್ಚಿದ ಗುಣವೂ ಅದೇ: ಹೊಗೆಯಿಲ್ಲ, ಮಸಿಯಿಲ್ಲ, ಒರೆಸುವ ಗೋಜಿಲ್ಲ. ಆದರೆ ಬಲ್ಬು ಹುಟ್ಟಿದ ಜಾಗದಲ್ಲೇ, ಹುಟ್ಟಿದ ಕೆಲವೇ ತಿಂಗಳಲ್ಲಿ, ಅದರ ಗಾಜಿನ ಒಳಗೂ ಮಸಿ ಹಿಡಿಯತೊಡಗಿತ್ತು. ಆ ಮಸಿಯನ್ನು ಒರೆಸಲು ಆಗುವಂತಿರಲಿಲ್ಲ, ಯಾಕೆಂದರೆ ಗಾಜು ನಾಲ್ಕೂ ಕಡೆ ಮುಚ್ಚಿದ್ದು. ಒರೆಸಲು ಆಗದ್ದರಿಂದಲೇ ಅದನ್ನು ದಿಟ್ಟಿಸಿ ನೋಡಬೇಕಾಯಿತು. ಹಾಗೆ ನೋಡಿದ್ದರಿಂದ ರೇಡಿಯೋ, ಟಿ.ವಿ., ಇಂದಿನ ಎಕ್ಸ್‌ರೇ ಯಂತ್ರಗಳವರೆಗಿನ ದಾರಿ ತೆರೆಯಿತು. ಈ ಕಥೆಯಿಂದ ನಮ್ಮ ಸೀಮೆ ಕಲಿಯಬೇಕಾದ ಪಾಠವೊಂದಿದೆ ಎಂಬುದು ನನ್ನ ವಾದ. ಬೆಳಕನ್ನು ತರಿಸಿಕೊಳ್ಳುವುದರಲ್ಲಿ ನಾವು ದೇಶದಲ್ಲೇ ಮುಂಚೂಣಿಯಲ್ಲಿದ್ದೆವು. ಬೆಳಕಿನ ಊನವನ್ನು ಪ್ರಶ್ನಿಸುವುದನ್ನು ಮಾತ್ರ ನಮ್ಮ ಮಕ್ಕಳಿಗೆ ಇನ್ನೂ ಕಲಿಸಿಲ್ಲ.

ನಡೆದದ್ದನ್ನು ಮೊದಲು ಕ್ರಮವಾಗಿ ನೋಡೋಣ. 1879ರ ಕೊನೆಗೆ ಅಮೆರಿಕದ ಮೆನ್ಲೋ ಪಾರ್ಕಿನಲ್ಲಿ ಥಾಮಸ್ ಎಡಿಸನ್ ಮತ್ತು ಸಂಗಡಿಗರು ಬಳಕೆಗೆ ಬರುವಂಥ ಬಲ್ಬನ್ನು ಮಾಡಿದ್ದರು. ಸುಟ್ಟು ಕರಿಕಾಗಿಸಿದ ಕಾಗದದ ಎಳೆಯನ್ನು ಕುದುರೆಲಾಳದ ಆಕಾರಕ್ಕೆ ಬಗ್ಗಿಸಿ, ಗಾಜಿನ ಬುರುಡೆಯೊಳಗಿಟ್ಟು, ಪಾದರಸದ ಪಂಪಿನಿಂದ ಗಾಳಿಯನ್ನೆಲ್ಲ ಹೊರಗೆಳೆದು ಬೆಸುಗೆ ಹಾಕಿದ ದೀಪ ಅದು. ಆದರೆ ಎಳೆ ಬೇಗ ತುಂಡಾಗುತ್ತಿತ್ತು, ಅದಕ್ಕೂ ಮೊದಲೇ ಗಾಜು ಕಪ್ಪಾಗುತ್ತಿತ್ತು. 1880ರ ಫೆಬ್ರುವರಿಯಲ್ಲಿ ಅವರು ಕಂಡದ್ದು ಇಷ್ಟೇ ಅಲ್ಲ. ಕಪ್ಪಾದ ಗಾಜಿನ ಮೇಲೆ ಒಂದು ತೆಳುವಾದ ಬಿಳಿ ಗೆರೆ ಉಳಿದುಕೊಂಡಿತ್ತು. ಎಲ್ಲೆಂದರಲ್ಲಿ ಅಲ್ಲ, ಲಾಳದ ಎರಡು ಕಾಲುಗಳೂ ಒಂದೇ ಸಾಲಿಗೆ ಬರುವ ಕಡೆ, ಧನ (ಪಾಸಿಟಿವ್) ಕಾಲಿನ ಬದಿಯಲ್ಲಿ. ಬಿಸಿಲಿಗೆ ಅಡ್ಡ ನಿಂತ ಕಂಬದ ನೆರಳು ನೆಲದ ಮೇಲೆ ಬೀಳುವಂತೆ, ಒಂದು ಕಾಲಿನಿಂದ ನೇರವಾಗಿ ಸಿಡಿಯುತ್ತಿದ್ದ ಇಂಗಾಲದ ಕಣಗಳಿಗೆ ಇನ್ನೊಂದು ಕಾಲು ಅಡ್ಡ ಬಂದು ಗಾಜಿನ ಮೇಲೆ ತನ್ನ ನೆರಳನ್ನು ಬಿಟ್ಟಿತ್ತು. ಮಸಿ ಬರೀ ಮಸಿಯಾಗಿದ್ದರೆ ಎಲ್ಲ ಕಡೆಯೂ ಸಮನಾಗಿ ಕೂರಬೇಕಿತ್ತು. ಅದಕ್ಕೊಂದು ದಿಕ್ಕಿತ್ತು. ದಿಕ್ಕಿದೆ ಎಂದ ಮೇಲೆ ಗಾಳಿಯಿಲ್ಲದ ಆ ಖಾಲಿ ಜಾಗದಲ್ಲಿ ಯಾವುದೋ ವಿದ್ಯುತ್ ಶಕ್ತಿ ಕೆಲಸ ಮಾಡುತ್ತಿದೆ ಎಂದಾಯಿತು.

ಎಡಿಸನ್ ಆ ಸುಳಿವನ್ನು ಹಿಡಿದು ಒಂದು ಹೆಜ್ಜೆ ಮುಂದಿಟ್ಟರು. ಉರಿಯುವ ಎಳೆಗೆ ಎಲ್ಲೂ ತಾಗದ ಹಾಗೆ, ಅದರ ಎರಡು ಕಾಲುಗಳ ನಡುವೆ ಒಂದು ಲೋಹದ ತುಂಡನ್ನು ಇಟ್ಟರು. ಆ ತುಂಡಿನಿಂದ ಒಂದು ತಂತಿಯನ್ನು ಹೊರಗೆ ತಂದು, ಸಣ್ಣ ವಿದ್ಯುತ್ತನ್ನೂ ತೋರಿಸುವ ಗ್ಯಾಲ್ವನೋಮೀಟರಿನ ಮೂಲಕ ಎಳೆಯ ಧನ ತುದಿಗೆ ಜೋಡಿಸಿದಾಗ ಮುಳ್ಳು ಅಲುಗಿತು. ಋಣ ತುದಿಗೆ ಜೋಡಿಸಿದಾಗ ಅಲುಗಲಿಲ್ಲ. ಎಳೆಗೂ ಲೋಹಕ್ಕೂ ನಡುವೆ ಇದ್ದದ್ದು ಶೂನ್ಯ. ಆ ಶೂನ್ಯವನ್ನು ದಾಟಿ ಕರೆಂಟು ಹರಿಯುತ್ತಿತ್ತು, ಅದೂ ಒಂದೇ ದಿಕ್ಕಿನಲ್ಲಿ. ದೀಪದ ಪ್ರಖರತೆಯನ್ನು ಕೊಂಚ ಏರಿಸಿದರೆ ಸಾಕು, ಈ ಹರಿವು ಎಷ್ಟೋ ಪಾಲು ಏರುತ್ತಿತ್ತು. ಎಡಿಸನ್ ಇದನ್ನು ವೋಲ್ಟೇಜಿನ ಏರಿಳಿತ ತೋರಿಸುವ ಸಾಧನವಾಗಿ ಬಳಸಬಹುದೆಂದು 1883ರ ನವೆಂಬರಿನಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದರು. 1884ರ ಅಕ್ಟೋಬರಿನಲ್ಲಿ ಪೇಟೆಂಟು ಸಿಕ್ಕಿತು. ಎಲೆಕ್ಟ್ರಾನಿಕ್ ಸಾಧನವೊಂದಕ್ಕೆ ಅಮೆರಿಕದಲ್ಲಿ ಸಿಕ್ಕ ಮೊದಲ ಪೇಟೆಂಟು ಇದೇ ಎಂದು ಇಂದು ಎಣಿಸುತ್ತಾರೆ. ಎಲೆಕ್ಟ್ರಾನ್ ಎಂಬ ಕಣವೊಂದು ಇದೆಯೆಂದು ಆಗ ಯಾರಿಗೂ ಗೊತ್ತಿರಲಿಲ್ಲ. ಅಲ್ಲಿಗೆ ಎಡಿಸನ್ ಈ ವಿಷಯವನ್ನು ಕೈಬಿಟ್ಟರು. ಅವರ ಮುಂದೆ ಊರೂರಿಗೆ ದೀಪ ಹಾಕುವ ದೊಡ್ಡ ಕೆಲಸ ಬಿದ್ದಿತ್ತು.

ಕೈಬಿಟ್ಟದ್ದನ್ನು ಎತ್ತಿಕೊಂಡವರು ಬೇರೆಯವರು. 1884ರ ಫಿಲಡೆಲ್ಫಿಯಾ ವಿದ್ಯುತ್ ಪ್ರದರ್ಶನದಲ್ಲಿ ಈ ದೀಪವನ್ನು ಇಟ್ಟಿದ್ದರು. ಬ್ರಿಟನ್ನಿನ ಅಂಚೆ ಇಲಾಖೆಯ ಎಂಜಿನಿಯರ್ ವಿಲಿಯಂ ಪ್ರೀಸ್ ಕೆಲವು ದೀಪಗಳನ್ನು ತಮ್ಮ ದೇಶಕ್ಕೆ ಒಯ್ದು, ಅಳತೆ ಮಾಡಿ, 1885ರಲ್ಲಿ ಅದಕ್ಕೆ 'ಎಡಿಸನ್ ಪರಿಣಾಮ' ಎಂದು ಹೆಸರಿಟ್ಟರು. ಲಂಡನ್ನಿನಲ್ಲಿ ಎಡಿಸನ್ ಕಂಪನಿಗೆ ಸಲಹೆಗಾರರಾಗಿದ್ದ ಜಾನ್ ಆಂಬ್ರೋಸ್ ಫ್ಲೆಮಿಂಗ್ ಈ ಒಂದೇ ವಿಷಯಕ್ಕೆ ವರ್ಷಗಳ ಅಂತರದಲ್ಲಿ ಮತ್ತೆ ಮತ್ತೆ ಮರಳಿದರು. ಅವರ ಒಂದು ಪ್ರಯೋಗವನ್ನು ಇಲ್ಲಿ ಹೇಳಲೇಬೇಕು. ಲಾಳದ ಋಣ ಕಾಲಿಗೆ ಗಾಜಿನ ಕೊಳವೆಯ ಹೊದಿಕೆ ಹಾಕಿದರು. ದೀಪ ಎಂದಿನಂತೆ ಉರಿಯಿತು, ಶೂನ್ಯದೊಳಗಿನ ಕರೆಂಟು ಮಾತ್ರ ಬಹುಪಾಲು ನಿಂತುಹೋಯಿತು. ಹೊರಡುವುದು ಎಲ್ಲಿಂದ ಎಂಬ ಪ್ರಶ್ನೆಗೆ ಒಂದು ಗಾಜಿನ ತುಂಡು ಉತ್ತರ ಕೊಟ್ಟಿತ್ತು. 1897ರಲ್ಲಿ ಜೆ.ಜೆ. ಥಾಮ್ಸನ್ ಎಲೆಕ್ಟ್ರಾನನ್ನು ಗುರುತಿಸಿದರು. ಬಿಸಿ ಎಳೆಯಿಂದ ಹೊರಬರುವುದೂ ಅದೇ ಕಣ ಎಂದು 1899ರಲ್ಲಿ ತೋರಿಸಿದರು. ಶಾಖ ಏರಿದಂತೆ ಈ ಹೊರಹರಿವು ಏರುವುದಕ್ಕೆ 1901ರಲ್ಲಿ ಓವೆನ್ ರಿಚರ್ಡ್‌ಸನ್ ನಿಯಮ ಕೊಟ್ಟರು. ಆ ಕೆಲಸಕ್ಕೆ 1928ನೇ ಸಾಲಿನ ನೊಬೆಲ್ ಬಂತು. ಮಾರ್ಕೋನಿ ಕಂಪನಿಗೆ ಸಲಹೆ ಕೊಡುತ್ತಿದ್ದ ಫ್ಲೆಮಿಂಗ್‌ಗೆ 1904ರಲ್ಲಿ ರೇಡಿಯೋ ಅಲೆಗಳನ್ನು ಹಿಡಿಯುವ ಸೂಕ್ಷ್ಮ ಸಾಧನ ಬೇಕಾಗಿತ್ತು. ಅಲೆಯ ಕರೆಂಟು ಕ್ಷಣಕ್ಷಣಕ್ಕೂ ಹಿಂದೆ ಮುಂದೆ ಓಡುತ್ತದೆ, ಅದನ್ನು ಒಂದೇ ದಿಕ್ಕಿಗೆ ತಿರುಗಿಸಬೇಕು. ಒಂದೇ ದಿಕ್ಕಿಗೆ ಬಿಡುವ ವಸ್ತು ಅವರ ಕಪಾಟಿನಲ್ಲೇ ಇತ್ತು: ಹಿಂದಿನ ಪ್ರಯೋಗಗಳ ಹಳೇ ಬಲ್ಬುಗಳು. ಅದೇ ವರ್ಷ ನವೆಂಬರ್ 16ರಂದು ಅಂಥ ಬಲ್ಬಿನ, ಅಂದರೆ ಫ್ಲೆಮಿಂಗ್ ವಾಲ್ವಿನ, ಪೇಟೆಂಟಿಗೆ ಅರ್ಜಿ ಬಿತ್ತು. ಎರಡು ವರ್ಷದಲ್ಲಿ ಲೀ ಡಿ ಫಾರೆಸ್ಟ್ ಅದಕ್ಕೆ ಮೂರನೆಯ ತಂತಿ ಸೇರಿಸಿದರು. ದನಿಯನ್ನು ಹಿಗ್ಗಿಸುವ ವಾಲ್ವು ಮುಂದೆ ಅದರಿಂದಲೇ ಬೆಳೆಯಿತು.

ಈ ಇಪ್ಪತ್ತು ಚಿಲ್ಲರೆ ವರ್ಷಗಳ ಕಥೆಯಲ್ಲಿ ಕಂಡುಹಿಡಿದವರು ಯಾರು? ಎಡಿಸನ್ನರಿಗೂ ಮೊದಲು, 1873ರಲ್ಲೇ, ಫ್ರೆಡ್ರಿಕ್ ಗತ್ರಿ ಎಂಬ ಬ್ರಿಟಿಷ್ ವಿಜ್ಞಾನಿ ಕೆಂಪಗೆ ಕಾದ ಕಬ್ಬಿಣದ ಗುಂಡು ಋಣ ವಿದ್ಯುದಂಶವನ್ನು ಬಿಟ್ಟುಕೊಡುವುದನ್ನು ಗಮನಿಸಿದ್ದರು. ಕಪ್ಪಾದ ಬಲ್ಬನ್ನು ನೋಡಿದ ಕೆಲಸಗಾರರಂತೂ ಎಷ್ಟೋ ಮಂದಿ. ಹಾಗಾಗಿ ಕಾಣುವುದು ಬೇರೆ, ಕಂಡುಹಿಡಿಯುವುದು ಬೇರೆ. ಕಂಡದ್ದಕ್ಕೆ ಅಳತೆ ಬೇಕು, ಅಳತೆಯನ್ನು ಬರೆದಿಡಬೇಕು, ಬರೆದದ್ದನ್ನು ನಾಲ್ಕು ಜನರ ಮುಂದಿಡಬೇಕು, ಆಮೇಲೆ ಯಾರೋ ಒಬ್ಬರು ಕಾರಣವನ್ನು ಹುಡುಕಬೇಕು. ಈ ಸರಪಳಿಯಲ್ಲಿ ಒಂದು ಕೊಂಡಿ ಕಳಚಿದರೂ ಕಂಡದ್ದು ಕಂಡಲ್ಲೇ ಉಳಿಯುತ್ತದೆ. ಎಡಿಸನ್ ಕಾರಣ ಹುಡುಕಲಿಲ್ಲ ನಿಜ, ಆದರೆ ಟಿಪ್ಪಣಿ ಪುಸ್ತಕದಲ್ಲಿ ಬರೆದರು, ಅಳೆದರು, ದೀಪವನ್ನು ಪ್ರದರ್ಶನಕ್ಕಿಟ್ಟರು, ಕೇಳಿದವರಿಗೆ ಕೊಟ್ಟರು. ಅವರ ದೊಡ್ಡತನ ಇಲ್ಲಿದೆ. ಉಪಯೋಗಕ್ಕೆ ಬಾರದ್ದೆಂದು ಬುರುಡೆಯನ್ನು ತಿಪ್ಪೆಗೆ ಎಸೆದಿದ್ದರೆ ಫ್ಲೆಮಿಂಗ್‌ರ ಕಪಾಟಿನಲ್ಲಿ ತೆಗೆಯಲು ಏನೂ ಇರುತ್ತಿರಲಿಲ್ಲ.

ಈಗ ನಮ್ಮ ಕಡೆಗೆ ಬರೋಣ. ಇಂದಿನ ಮಂಡ್ಯ ಜಿಲ್ಲೆಗೆ ಸೇರಿದ ಶಿವನಸಮುದ್ರದಲ್ಲಿ 1902ರಲ್ಲಿ ಕಾವೇರಿಯಿಂದ ವಿದ್ಯುತ್ ಹುಟ್ಟಿ, ಸುಮಾರು 147 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಕಾಲದಲ್ಲಿ ಒಪ್ಪಂದವಾದ ಆ ಸ್ಥಾವರಕ್ಕೆ ವಿದ್ಯುತ್ ಯಂತ್ರಗಳನ್ನು ಕೊಟ್ಟದ್ದು ಜನರಲ್ ಎಲೆಕ್ಟ್ರಿಕ್, ಅಂದರೆ ಎಡಿಸನ್ನರ ಕಂಪನಿಯೂ ಸೇರಿ 1892ರಲ್ಲಿ ಕಟ್ಟಿದ ಸಂಸ್ಥೆ. 1905ರ ಆಗಸ್ಟ್ 5ರಂದು ಬೆಂಗಳೂರಿನ ಬೀದಿಗಳಲ್ಲಿ ದೀಪ ಹತ್ತಿತು, 1908ರಲ್ಲಿ ಮೈಸೂರಿಗೂ ಬಂತು. ಬೇಸಿಗೆಯಲ್ಲಿ ನದಿ ಸೊರಗಿದಾಗ ಶಿವನಸಮುದ್ರದ ಯಂತ್ರಗಳಿಗೆ ನೀರು ಸಾಲದೆಂಬ ಚಿಂತೆಯೂ ಕನ್ನಂಬಾಡಿ ಕಟ್ಟೆ ಕಟ್ಟಿಸಿದ ಕಾರಣಗಳಲ್ಲಿ ಒಂದು. ವಿಶ್ವೇಶ್ವರಯ್ಯನವರು ಮುಖ್ಯ ಎಂಜಿನಿಯರ್ ಆಗಿದ್ದಾಗ, 1911ರಲ್ಲಿ, ಕೆಲಸ ಶುರುವಾಯಿತು. ಶ್ರೀರಂಗಪಟ್ಟಣದ ಮೇಲ್ಗಡೆ ನಿಂತ ಆ ನೀರು ಪಾಂಡವಪುರದ ಅಂಚನ್ನು ದಾಟಿ ಕೆ.ಆರ್. ಪೇಟೆ ತಾಲ್ಲೂಕಿನ ಕಲ್ಲಹಳ್ಳಿಯ ಭೂವರಾಹನಾಥ ದೇವಸ್ಥಾನದ ಹತ್ತಿರದವರೆಗೂ ಹರಡಿದೆ. ಹಳೇ ಕನ್ನಂಬಾಡಿ ಊರೇ ಮುಳುಗಿತು. ಆ ಊರಿನವರು ಕಳಕೊಂಡ ಮನೆ ಮಠಗಳ ಮೇಲೆ ನಿಂತ ನೀರೇ ನಾಡಿನ ದೀಪಗಳನ್ನೂ ಗಣಿಗಳನ್ನೂ ಬೇಸಿಗೆಯಲ್ಲಿ ಕಾಪಾಡಿತು. 1935ರ ಸೆಪ್ಟೆಂಬರಿನಲ್ಲಿ ಶ್ರೀರಂಗಪಟ್ಟಣದಿಂದ ಹದಿನೈದು ಕಿಲೋಮೀಟರು ಆಚೆ ಮೈಸೂರಿನಲ್ಲಿ, ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ 30 ವ್ಯಾಟಿನ ಪುಟ್ಟ ಬಾನುಲಿ ಕೇಂದ್ರ ತೆರೆದರು. ಅದರ ಹೆಸರಾದ 'ಆಕಾಶವಾಣಿ' ಮುಂದೆ ಇಡೀ ದೇಶದ ಬಾನುಲಿಗೆ ನಿಂತಿತು. ಅಂದಿನ ಬಾನುಲಿ ಎಂದರೆ ವಾಲ್ವಿನ ಬಾನುಲಿ. ಎಡಿಸನ್ನರ ಬುರುಡೆಯೊಳಗಿನ ಊನ ಐವತ್ತೈದು ವರ್ಷಗಳಲ್ಲಿ ಮೈಸೂರಿನಲ್ಲಿ ಕನ್ನಡದ ದನಿಯನ್ನು ಗಾಳಿಗೆ ಬಿಟ್ಟಿತ್ತು.

ಇವೆಲ್ಲ ಹೆಮ್ಮೆಪಡಬೇಕಾದ ಸಂಗತಿಗಳೇ. ಆದರೆ ಒಂದೊಂದರಲ್ಲೂ ನಾವು ಬಳಸಿದವರು, ಬಲ್ಲವರ ಫಲವನ್ನು ಉಂಡವರು. ನಾವೇ ಮಾಡಿದ್ದು ಕೈತಪ್ಪಿಹೋದ ಉದಾಹರಣೆಯೂ ಶ್ರೀರಂಗಪಟ್ಟಣದ ಕೋಟೆಯಲ್ಲೇ ಇದೆ. ಕಬ್ಬಿಣದ ಕೊಳವೆಗೆ ಮದ್ದು ತುಂಬಿ, ಬಿದಿರ ಗಳು ಕಟ್ಟಿ ಹಾರಿಸುತ್ತಿದ್ದ ಹೈದರ್ ಮತ್ತು ಟಿಪ್ಪು ಕಾಲದ ರಾಕೆಟ್ಟುಗಳು ಅಂದಿನ ಜಗತ್ತಿನಲ್ಲಿ ಸರಿಸಾಟಿಯಿಲ್ಲದವು. 1799ರಲ್ಲಿ ಕೋಟೆ ಬಿದ್ದ ಮೇಲೆ ಅವುಗಳಲ್ಲಿ ಕೆಲವು ಬ್ರಿಟನ್ನಿಗೆ ಹೋದವು. ಅಲ್ಲಿ ವಿಲಿಯಂ ಕಾಂಗ್ರೀವ್ ತೂಕ, ದೂರ, ಮದ್ದಿನ ಪಾಲುಗಳನ್ನು ಪರೀಕ್ಷಿಸಿ ಪುಸ್ತಕ ಬರೆದರು. ರಾಕೆಟ್ಟಿಗೆ ಅವರ ಹೆಸರೇ ನಿಂತಿತು. ಇಲ್ಲಿನ ಕಮ್ಮಾರರ ಕೈಯಲ್ಲಿ ಕಸುಬು ಕಡಿಮೆಯಿರಲಿಲ್ಲ. ನಾಗಮಂಗಲದ ಲೋಹದ ಕೆಲಸಗಾರರನ್ನು ನೋಡಿದವರಿಗೆ ಈ ಸೀಮೆಯ ಕೈಗಳ ಬಗ್ಗೆ ಅನುಮಾನ ಬರುವುದಿಲ್ಲ. ಕೈಯಲ್ಲಿದ್ದ ವಿದ್ಯೆ ಅಳತೆಯಾಗಿ, ಬರಹವಾಗಿ, ನಾಲ್ಕು ಜನರ ಚರ್ಚೆಯಾಗಿ ಉಳಿಯುವ ದಾರಿ ಕಾಣಲಿಲ್ಲ.

ಇದಕ್ಕೆ ಮೊದಲ ಆಕ್ಷೇಪ ಸಹಜವಾದದ್ದೇ. ಹೊಟ್ಟೆಪಾಡಿನ ಸೀಮೆಗೆ ಬೇಕಾದದ್ದು ನೀರು, ಪಂಪ್‌ಸೆಟ್ಟಿಗೆ ಕರೆಂಟು, ಮನೆಗೊಂದು ದೀಪ. ಗಾಜಿನ ಮೇಲಿನ ಗೆರೆಯ ಬಗ್ಗೆ ತಲೆ ಕೆಡಿಸಿಕೊಳ್ಳುವುದು ಹೊಟ್ಟೆ ತುಂಬಿದವರ ಕೆಲಸ ಎನ್ನಬಹುದು. ಭಾಗ್ಯಜ್ಯೋತಿ ಯೋಜನೆಯ ಒಂದೇ ಬಲ್ಬಿಗೆ ಕಾದಿದ್ದ ಮನೆಗಳನ್ನು ನೆನೆದರೆ ಈ ಮಾತನ್ನು ಹಗುರವಾಗಿ ತಳ್ಳಿಹಾಕಲು ಯಾರಿಗೂ ಮನಸ್ಸು ಬರದು. ಆದರೆ ಎಡಿಸನ್ ಆ ಗೆರೆಯನ್ನು ಕಂಡದ್ದು ಬಿಡುವಿನ ಹೊತ್ತಿನಲ್ಲಲ್ಲ. ಬಲ್ಬು ಬಾಳಿಕೆ ಬರುತ್ತಿಲ್ಲ, ಮಾರಾಟಕ್ಕೆ ಅಡ್ಡಿಯಾಗುತ್ತಿದೆ ಎಂಬ ಪಕ್ಕಾ ವ್ಯವಹಾರದ ಕಷ್ಟವೇ ಅವರನ್ನು ಗಾಜಿನ ಹತ್ತಿರಕ್ಕೆ ಒಯ್ದದ್ದು. ಪ್ರಶ್ನೆ ಹುಟ್ಟುವುದೇ ಕಷ್ಟದ ಬಳಕೆಯಲ್ಲಿ. ಹಾಗೆ ನೋಡಿದರೆ ಪಂಪ್‌ಸೆಟ್ಟಿನ ಮೋಟಾರು ಯಾಕೆ ಮತ್ತೆ ಮತ್ತೆ ಸುಡುತ್ತದೆ, ಒಂದೇ ನಾಲೆಯ ನೀರುಂಡ ಎರಡು ಗದ್ದೆಗಳಲ್ಲಿ ಒಂದಕ್ಕೆ ಮಾತ್ರ ಚೌಳು ಯಾಕೆ ಎಂದು ಕೇಳಬೇಕಾದ ಅಗತ್ಯ ನಮಗೇ ಹೆಚ್ಚು. ಬಡವರ ಮಕ್ಕಳಿಗೆ ಬಳಕೆ ಸಾಕು, ಕಾರಣ ಬೇಡ ಎಂದರೆ ಕಾರಣ ಬಲ್ಲವರ ಮುಂದೆ ಅವರು ಎಂದಿಗೂ ಗಿರಾಕಿಗಳಾಗಿಯೇ ನಿಲ್ಲಬೇಕಾಗುತ್ತದೆ.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಎಲೆಕ್ಟ್ರಾನ್ ಗೊತ್ತಾದದ್ದೇ 1897ರಲ್ಲಿ. 1883ರಲ್ಲಿ ಎಡಿಸನ್ ತಲೆ ಚಚ್ಚಿಕೊಂಡರೂ ಕಾರಣ ಸಿಗುತ್ತಿರಲಿಲ್ಲ. ಕಾಲ ಕೂಡಿಬರದೆ ಕೇಳುವ ಪ್ರಶ್ನೆಯಿಂದ ಏನು ಲಾಭ? ಕಾರಣ ಆಗ ಸಿಗುತ್ತಿರಲಿಲ್ಲ ಎಂಬುದನ್ನು ಒಪ್ಪಲೇಬೇಕು. ಆದರೆ ಇದರಿಂದ ನನ್ನ ವಾದ ಸಡಿಲವಾಗುವುದಿಲ್ಲ, ಬಿಗಿಯಾಗುತ್ತದೆ. ಉತ್ತರಕ್ಕೆ ಕಾಲ ಬೇಕು, ನಿಜ. ಪ್ರಶ್ನೆಯನ್ನು ಅಲ್ಲಿಯವರೆಗೆ ಕಾಪಿಟ್ಟುಕೊಳ್ಳುವವರೂ ಬೇಕು. ಮಳೆ ಬಂದ ದಿನ ಬಿತ್ತನೆ ಬೀಜ ಹುಡುಕಲು ಹೊರಡುವ ರೈತ ಎಲ್ಲಿದ್ದಾನೆ? ಬೀಜ ಹಿಂದಿನ ಸುಗ್ಗಿಯಿಂದಲೇ ಮನೆಯಲ್ಲಿರಬೇಕು. ಫ್ಲೆಮಿಂಗ್‌ರ ಕಪಾಟು ಅಂಥ ಬೀಜದ ಮಡಕೆಯಾಗಿತ್ತು. ಥಾಮ್ಸನ್‌ಗೆ ಎಲೆಕ್ಟ್ರಾನ್ ಸಿಕ್ಕಾಗ, ಅದಕ್ಕೆ ಹೊಂದಿಸಿ ನೋಡಲು ಬಿಸಿ ಎಳೆಯ ಅಳತೆಗಳು ಆಗಲೇ ಕಾಗದದ ಮೇಲಿದ್ದವು.

ಮೂರನೆಯ ಆಕ್ಷೇಪ ಇಂದಿನದು. ಎಳೆಯ ಬಲ್ಬು ಅಂಗಡಿಗಳಿಂದ ಮರೆಯಾಗುತ್ತಿದೆ, ವಾಲ್ವು ರೇಡಿಯೋ ಅಟ್ಟ ಸೇರಿ ಎಷ್ಟೋ ಕಾಲವಾಯಿತು. ಸತ್ತ ತಂತ್ರಜ್ಞಾನವನ್ನು ಮಕ್ಕಳಿಗೆ ಹೇಳಿ ಏನು ಪ್ರಯೋಜನ ಎಂದು ಕೇಳುವವರಿದ್ದಾರೆ. ಅದು ಸತ್ತಿಲ್ಲ. ತಾಲ್ಲೂಕು ಆಸ್ಪತ್ರೆಯಲ್ಲಿ ಮುರಿದ ಮೂಳೆಯ ಚಿತ್ರ ತೆಗೆಯುವ ಎಕ್ಸ್‌ರೇ ಕೊಳವೆಯಲ್ಲಿ ಇಂದಿಗೂ ಕಾದ ಎಳೆಯೇ ಎಲೆಕ್ಟ್ರಾನುಗಳನ್ನು ಹೊರಡಿಸುತ್ತದೆ. ಆ ವಿಧಾನವನ್ನು 1913ರಲ್ಲಿ ರೂಪಿಸಿದ ವಿಲಿಯಂ ಕೂಲಿಡ್ಜ್ ಕೆಲಸ ಮಾಡುತ್ತಿದ್ದದ್ದೂ ಜನರಲ್ ಎಲೆಕ್ಟ್ರಿಕ್‌ನಲ್ಲೇ. ಹಳೇ ಡಬ್ಬಾ ಟಿ.ವಿ.ಯ ಸ್ವಿಚ್ಚು ಹಾಕಿದ ಮೇಲೆ ಚಿತ್ರ ಮೂಡಲು ಕೆಲವು ಕ್ಷಣ ಕಾಯಬೇಕಿತ್ತಲ್ಲ, ಅದು ಒಳಗಿನ ಎಳೆ ಕಾಯುವ ಸಮಯ. ನಮ್ಮ ಟ್ಯೂಬ್‌ಲೈಟುಗಳ ಎರಡೂ ತುದಿಗಳಲ್ಲಿ ಸುರುಳಿಗಳಿವೆ. ಬಿಸಿಯಾದಾಗ ಸುಲಭವಾಗಿ ಎಲೆಕ್ಟ್ರಾನ್ ಬಿಡುವ ಲೇಪ ಅವುಗಳಿಗಿದೆ. ಆ ಲೇಪ ಸವೆದು ಸಿಡಿದು ಗಾಜಿಗೆ ಹತ್ತುವುದರಿಂದಲೇ ಹಳೇ ಟ್ಯೂಬಿನ ತುದಿ ಕಪ್ಪಾಗುತ್ತದೆ. ಇನ್ನು, 2015ರ ಕೊನೆಗೆ 'ಹೊಸಬೆಳಕು' ಯೋಜನೆಯಲ್ಲಿ ಹಂಚಿಕೆ ಶುರುವಾದ ಎಲ್‌ಇಡಿ ಬಲ್ಬು. ಲೈಟ್ ಎಮಿಟಿಂಗ್ ಡಯೋಡ್ ಎಂಬುದು ಅದರ ಪೂರ್ಣ ಹೆಸರು. ಅದರ ಒಳಗಿರುವುದು ಶೂನ್ಯವಲ್ಲ, ಅರೆವಾಹಕದ ಹರಳು. ಅದರ ಭೌತಶಾಸ್ತ್ರ ಬೇರೆ, ವಂಶವೂ ಬೇರೆ. ಆದರೆ ಡಯೋಡ್ ಎಂಬ ಹೆಸರು ಮೊದಲು ಬಂದದ್ದು ಎರಡು ತುದಿಯ ವಾಲ್ವಿಗೆ. ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಗುಣ ಎರಡಕ್ಕೂ ಸಮಾನ. ಅಂದು ದೀಪದ ಊನವೆಂದು ಕಂಡ ಗುಣವೇ ಇಂದು ದೀಪದ ಹೆಸರಲ್ಲಿದೆ.

ಕೊನೆಯದಾಗಿ, ಹಳ್ಳಿ ಶಾಲೆಗಳಲ್ಲಿ ಪ್ರಯೋಗಾಲಯವೆಲ್ಲಿ, ಪರೀಕ್ಷೆಯ ಗಡಿಬಿಡಿಯಲ್ಲಿ ಸಮಯವೆಲ್ಲಿ ಎನ್ನುತ್ತಾರೆ. ಬಿಳಿ ಗೆರೆಯನ್ನು ನೋಡಲು ಎಡಿಸನ್ನರಿಗೂ ಯಂತ್ರ ಬೇಕಾಗಿರಲಿಲ್ಲ, ಕಣ್ಣು ಸಾಕಾಗಿತ್ತು. ಸುಟ್ಟುಹೋದ ನಾಲ್ಕು ಪಾರದರ್ಶಕ ಬಲ್ಬುಗಳನ್ನು, ಕರೆಂಟಿನ ಹತ್ತಿರವೂ ಒಯ್ಯದೆ, ತರಗತಿಯ ಮೇಜಿನ ಮೇಲಿಡಿ. ಕಪ್ಪು ಎಲ್ಲಿ ಕೂತಿದೆ ಎಂದು ಕೇಳಿ. ಸೂರಿನಿಂದ ಇಳಿಬಿಟ್ಟಿದ್ದ ಬಲ್ಬಿಗೆ ಕಪ್ಪು ಹಿಡಿಯುವುದು ಮೇಲೆ, ಹೋಲ್ಡರಿನ ಹತ್ತಿರದ ಕುತ್ತಿಗೆಯಲ್ಲಿ. ನೆಟ್ಟಗೆ ನಿಲ್ಲಿಸಿದ ಮೇಜಿನ ದೀಪದ ಬಲ್ಬಿಗೆ ನೆತ್ತಿಯಲ್ಲಿ. ಈಗಿನ ಬಲ್ಬಿನೊಳಗೆ ಅನಿಲವಿದೆ, ಬಿಸಿ ಅನಿಲ ಮೇಲೇರುವಾಗ ಎಳೆಯಿಂದ ಆವಿಯಾದ ಟಂಗ್‌ಸ್ಟನ್ನನ್ನು ಹೊತ್ತೊಯ್ಯುತ್ತದೆ. ಅಂದರೆ ಸತ್ತ ಬಲ್ಬನ್ನು ನೋಡಿ ಅದು ಬದುಕಿದ್ದಾಗ ತೂಗಾಡುತ್ತಿತ್ತೋ ನೆಟ್ಟಗೆ ನಿಂತಿತ್ತೋ ಎಂದು ಹೇಳಬಹುದು. ಅನಿಲವಿಲ್ಲದ ಎಡಿಸನ್ನರ ಬಲ್ಬಿನಲ್ಲಿ ಮಸಿ ಯಾಕೆ ನೇರ ಗೆರೆಯಲ್ಲಿ ಹೋಯಿತು ಎಂಬ ಪ್ರಶ್ನೆ ಆಗ ಮಗುವಿನ ಬಾಯಿಂದಲೇ ಬರುತ್ತದೆ. ಇದನ್ನು ಕನ್ನಡದಲ್ಲಿ ಹೇಳಲು ಆಗದೆಂಬ ನೆಪವೂ ನಿಲ್ಲದು. ಬೆಳ್ಳಾವೆ ವೆಂಕಟನಾರಣಪ್ಪನವರಂಥ ಭೌತಶಾಸ್ತ್ರದ ಮೇಷ್ಟ್ರು 1918ರಲ್ಲೇ 'ವಿಜ್ಞಾನ' ಎಂಬ ಮಾಸಪತ್ರಿಕೆಯನ್ನು ಕನ್ನಡದಲ್ಲಿ ತಂದರು. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ 'ಬಾಲ ವಿಜ್ಞಾನ' ಮಕ್ಕಳಿಗೆಂದೇ ಇದೆ. ನುಡಿ ಸಿದ್ಧವಾಗಿ ನೂರು ವರ್ಷ ದಾಟಿದೆ.

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ಹೈಸ್ಕೂಲು ಮೇಷ್ಟ್ರುಗಳಲ್ಲಿ ಹಾಗಾಗಿ ಒಂದು ಮನವಿ. ಮುಂದಿನ ಸಲ ನಿಮ್ಮ ತರಗತಿಯ ಟ್ಯೂಬ್‌ಲೈಟ್ ಮಿಣುಕಿ ಆರಿದಾಗ ಅದನ್ನು ಇಳಿಸಿ ಕೂಡಲೇ ಹೊರಗೆ ಸಾಗಿಸಬೇಡಿ. ಒಳಗೆ ಪಾದರಸವಿದೆ, ಒಡೆಯದಂತೆ ಜೋಪಾನವಾಗಿ ಹಿಡಿದು ಮಕ್ಕಳಿಗೆ ಅದರ ಕಪ್ಪಾದ ತುದಿಯನ್ನು ತೋರಿಸಿ. ಯಾಕೆ ಕಪ್ಪಾಯಿತು ಎಂದು ಅವರೇ ಕೇಳುವವರೆಗೆ ಕಾಯಿರಿ. ಕೇಳಿದ ಪ್ರಶ್ನೆಯನ್ನು, ಕೇಳಿದ ಮಗುವಿನ ಹೆಸರು ಮತ್ತು ತಾರೀಖಿನ ಸಮೇತ, ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಉತ್ತರ ಅಂದೇ ಸಿಗದಿದ್ದರೂ ಚಿಂತೆಯಿಲ್ಲ, ನೋಟ್‌ಬುಕ್ಕು ಮಾತ್ರ ಕಳೆಯದಿರಲಿ.